ನಲವತ್ತು ನೇಗಿಲು

ನನಗೆ ಈಗ ಇಪ್ಪತ್ತೇಳು ವರ್ಷ. ನಿವೃತ್ತನಾಗಿ ಇನ್ನೂ ವರ್ಷ ತುಂಬಿಲ್ಲ. ನಮ್ಮೂರು ಸವಡಿಯಲ್ಲಿ ಈ ಮಾತು ಕೇಳಿದವರು ಮೊದಲು ನನ್ನ ತಲೆಗೂದಲು ನೋಡುತ್ತಾರೆ, ಆಮೇಲೆ ಹಲ್ಲು ನೋಡುತ್ತಾರೆ, ಸಂತೆಯಲ್ಲಿ ಎತ್ತು ಕೊಳ್ಳುವವರ ಹಾಗೆ. ಎರಡೂ ಗಟ್ಟಿಯಾಗಿವೆ. ಉದುರಿದ್ದು ನೌಕರಿ ಮಾತ್ರ. ಹೇಗೆ ಉದುರಿತೆಂಬುದು ಮುಂದೆ ಬರುತ್ತದೆ. ರೋಣದ ಕಚೇರಿಗೆ ಹೊಸದಾಗಿ ಕಾರಕೂನರಾಗಿ ಸೇರಲಿರುವ ಇಬ್ಬರು ಮೂವರು ತಮ್ಮಂದಿರು ಬಂದು, "ರಾಘಣ್ಣಾ, ಅಲ್ಲೆ ಹ್ಯಾಂಗ ಇರಬೇಕು?" ಎಂದು ಕೇಳಿದ್ದಾರೆ. ಕೆಟ್ಟುಬಂದವನ ಹತ್ತಿರ ಬುದ್ಧಿ ಕೇಳಬಾರದೆಂದು ಅವರಿಗೆ ಯಾರೂ ಹೇಳಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಕಾರಕೂನಿಕೆ ಎಂದರೆ ಬರೆಯುವುದು ಎಂದು ತಿಳಿದು ಹೋಗಬೇಡಿರಿ. ಮೊದಲು ಅದು ಕೂಡುವುದು. ಬೆಳಿಗ್ಗೆ ಚಕ್ಕಳಮಕ್ಕಳ ಹಾಕಿ ಕುಳಿತರೆ ಮಧ್ಯಾಹ್ನಕ್ಕೆ ಎಡಗಾಲು ನಿಮ್ಮದಲ್ಲ; ಸಂಜೆಗೆ ಬಲಗಾಲೂ ಸರಕಾರದ್ದು. ಆಮೇಲೆ ಅದು ಕೇಳುವುದು. ತಕರಾರು ತಂದವರು, ತಕರಾರಿಗೆ ಒಳಗಾದವರು, ಸುಮ್ಮನೆ ನೋಡಲು ಬಂದವರು, ಎಲ್ಲರೂ ಮಾತಾಡುತ್ತಾರೆ. ಅದನ್ನು ಬರೆದುಕೊಂಡು, ಹೇಳಿದವನಿಗೇ ತಿರುಗಿ ಓದಿ ಹೇಳಬೇಕು. "ಹೌದ್ರಿ, ಇದು ನನ್ನ ಮಾತು" ಎಂದು ಅವನು ಒಪ್ಪಿದ ಮೇಲೆ ಕೆಳಗೆ ಸಹಿ. ಓದು ಬರದವರು ಸಹಿಯ ಜಾಗದಲ್ಲಿ ತಮ್ಮ ಕಸುಬಿನ ಗುರುತು ಬರೆಯುತ್ತಾರೆ: ಒಕ್ಕಲಿಗನಾದರೆ ನೇಗಿಲು, ಬಡಿಗನಾದರೆ ಉಳಿ, ಅಂಗಡಿಯವನಾದರೆ ತಕ್ಕಡಿ, ಹೆಂಗಸಾದರೆ ಬಳೆ. ಈ ಪದ್ಧತಿಯನ್ನು ನೆನಪಿಟ್ಟುಕೊಳ್ಳಿರಿ. ನನ್ನ ಅನ್ನ ಹೋದದ್ದು ಇದರಿಂದಲೇ.

ತಿರುಗಿ ಓದುವ ಕೆಲಸದಲ್ಲಿ ನನಗೊಂದು ಹೆಸರಿತ್ತು. ಕಚೇರಿಯ ಕನ್ನಡವನ್ನು ಒಂದೇ ಸಮನೆ ಓದಿದರೆ ಹೊಲದಿಂದ ಬಂದವನು ಎರಡನೆಯ ಸಾಲಿಗೇ ತೂಕಡಿಸುತ್ತಾನೆ. ನಾನು ಅವನ ಹೇಳಿಕೆಯನ್ನು ಅವನದೇ ದನಿಯಲ್ಲಿ ಓದುತ್ತಿದ್ದೆ. ಅವನ ಕೆಮ್ಮು, ಅವನ ಎಳೆತ, ನಡುವೆ ಎಲೆ ಅಡಿಕೆ ಉಗುಳಲು ತಡೆಯುವ ರೀತಿ, ಎಲ್ಲ ಸೇರಿಸಿ. ಎದುರಿಗೆ ಇನ್ನೊಬ್ಬ ತಾನೇ ಕೂತು ಮಾತಾಡಿದ ಹಾಗಾಗಿ ಅವನಿಗೆ ಎಚ್ಚರವಾಗುತ್ತಿತ್ತು. "ಏ, ಅಲ್ಲೆ ತಪ್ಪೈತಿ" ಎಂದು ತಿದ್ದುತ್ತಿದ್ದ. ಇದು ಪ್ರಯೋಜನದ ಮಾತು. ಜನ ನಗುತ್ತಿದ್ದರು, ನನಗೆ ಬೇಕಾದದ್ದು ಅದೇ ಎಂಬುದು ನಿಜದ ಮಾತು.

ನಮ್ಮ ಮೇಲಿನವರು ಶಿರಸ್ತೇದಾರ ಭೀಮರಾಯರು. ಕಾಗದಪತ್ರಗಳೆಲ್ಲ ಅವರ ಕೈಯಲ್ಲಿ. ಯಾವ ಕಾಗದಕ್ಕೂ ಸಹಿ ಹಾಕುವ ಮೊದಲು ಒಂದು ಚಿಟಿಕೆ ನಶ್ಯ ಏರಿಸಿ, ಬಾಯಿ ಅರ್ಧ ತೆರೆದು ತೊಲೆಯನ್ನು ನೋಡುತ್ತ ಸೀನಿಗಾಗಿ ಕಾಯುವರು. ಕಚೇರಿ ಪೂರ್ತಿ ಕಾಯುವುದು. ಗೋಡೆಯ ಮೇಲಿನ ಹಲ್ಲಿಯೂ ಕಾಯುವುದು. ನೂರರಲ್ಲಿ ತೊಂಬತ್ತೊಂಬತ್ತು ಸಲ ಸೀನು ಬರುತ್ತಿರಲಿಲ್ಲ. "ಹೋತು" ಎಂದು ಮಗನನ್ನು ಪರದೇಶಕ್ಕೆ ಕಳಿಸಿದವರ ದನಿಯಲ್ಲಿ ಹೇಳಿ ಸಹಿ ಮಾಡುವರು. ಒಂದು ದಿನ ಅವರು ಊಟಕ್ಕೆ ಹೋದರೆಂದು ತಿಳಿದು ಇದನ್ನೆಲ್ಲ ನಾನು ಮಾಡಿ ತೋರಿಸುತ್ತಿದ್ದೆ. "ಹೋತು" ಎಂದಾಗ ಯಾರೂ ನಗಲಿಲ್ಲ. ತಿರುಗಿ ನೋಡಿದರೆ ಭೀಮರಾಯರು ಬಾಗಿಲಲ್ಲಿ. "ಹುಬ್ಬ ಇನ್ನೂ ಸ್ವಲ್ಪ ಮ್ಯಾಲೆ ಎತ್ತಬೇಕು, ರಾಘ್ಯಾ" ಎಂದು ಹೇಳಿ, ಮರೆತುಹೋಗಿದ್ದ ಹೆಗಲ ಉಪರಣೆ ತೆಗೆದುಕೊಂಡು ಹೋದರು. ಬೈದಿದ್ದರೆ ಅಂದೇ ಮರೆಯುತ್ತಿದ್ದೆ.

ಕೆಲಸದ ರೀತಿ ನನ್ನ ಕಣ್ಣೆದುರಿಗೇ ಬದಲಾಯಿತು. ನಾನು ಸೇರಿದಾಗ ಎಲ್ಲ ಮೋಡಿ ಅಕ್ಷರದ ಮರಾಠಿ. ಮುಶಿಗೇರಿಯವನು ಕನ್ನಡದಲ್ಲಿ ಅಳುವನು, ನಾವು ಮರಾಠಿಯಲ್ಲಿ ಬರೆದುಕೊಳ್ಳುವೆವು, ತಿರುಗಿ ಕನ್ನಡದಲ್ಲಿ ಓದುವೆವು. ಅಷ್ಟರಲ್ಲಿ ಕಣ್ಣೀರು ಒಣಗಿರುತ್ತಿತ್ತು. ಆಮೇಲೆ ಕನ್ನಡದಲ್ಲೇ ಬರೆಯಿರೆಂದು ಹುಕುಂ ಬಂತು. ಒದ್ದೆ ಅಕ್ಷರದ ಮೇಲೆ ಮೊದಲು ಸಣ್ಣ ಮರಳು ಚಿಮುಕಿಸಿ ಒಣಗಿಸುತ್ತಿದ್ದೆವು. ಆಮೇಲೆ ಶಾಯಿ ಹೀರುವ ವಿಲಾಯತಿ ಕಾಗದ ಬಂತು. ಮರಳು ಹೋದದ್ದು ನನಗೆ ಇಂದಿಗೂ ಬೇಸರ. ಕಿಟಕಿಯ ಬಿಸಿಲಿಗೆ ಕಾಗದ ಹಿಡಿದರೆ ಅಕ್ಷರದ ಮೇಲೆ ಕೂತ ಹರಳು ಮಿಣುಕುತ್ತಿದ್ದವು. ಎಂಥ ದರಿದ್ರನ ಅರ್ಜಿಯೂ ಒಂದು ಗಳಿಗೆ ಶ್ರೀಮಂತವಾಗಿ ಕಾಣುತ್ತಿತ್ತು. ನಾನು ಬರೆಯುವುದು ಬಿಟ್ಟು ಅದನ್ನೇ ನೋಡುತ್ತ ಕೂತುಬಿಡುತ್ತಿದ್ದೆ.

ಮಿಣುಕುವುದನ್ನು ನೋಡುತ್ತ ಕೂತುಬಿಡುವ ರೋಗ ನನ್ನೊಬ್ಬನದೇ ಅಲ್ಲವೆಂದು ಗಣಿ ಕಂಪನಿಯ ವಿಚಾರಣೆಯಲ್ಲಿ ತಿಳಿಯಿತು.

ಗಜೇಂದ್ರಗಡದ ಗುಡ್ಡದ ಕೆಳಗೆ ಒಂದು ಹಳ್ಳವಿದೆ. ಮಳೆ ಬಿದ್ದ ಮೇಲೆ ಅದರ ಮರಳಿನಲ್ಲಿ ಬಂಗಾರದ ಕಣ ಸಿಗುತ್ತವೆ. ಎಷ್ಟೆಂದರೆ, ದಿನವಿಡೀ ನೀರಿನಲ್ಲಿ ಕುಕ್ಕುರುಗಾಲಲ್ಲಿ ಕೂತವನ ಮನೆಯಲ್ಲಿ ಸಂಜೆಗೆ ರೊಟ್ಟಿ ಬೇಯುವಷ್ಟು. ಹಸನಸಾಬ ಎಂಬ ಮುದುಕನ ಮನೆತನ ಅಜ್ಜ ಮುತ್ತಜ್ಜರಿಂದ ಇದೇ ಕಸುಬು ಮಾಡಿಕೊಂಡಿತ್ತು. ಅಗಲವಾದ ಮರದ ತಟ್ಟೆಯಲ್ಲಿ ಮರಳು ತುಂಬಿ, ನೀರಿನಲ್ಲಿ ತೊಟ್ಟಿಲು ತೂಗಿದ ಹಾಗೆ ತೂಗಿ, ಹಗುರವಾದದ್ದನ್ನೆಲ್ಲ ಹೋಗಗೊಟ್ಟು ಭಾರವಾದದ್ದನ್ನು ಉಳಿಸಿಕೊಳ್ಳುವುದು. ಗಂಡು ಹೆಣ್ಣು ಸೇರಿ ಏಳು ಜನ.

ಒಂದು ಮಧ್ಯಾಹ್ನ ನರಗುಂದದ ಸಖಾರಾಮಪಂತರು ಆ ಹಳ್ಳದ ದಂಡೆಯಲ್ಲಿ ಮಲಗಿದ್ದಾಗ ಅವರಿಗೆ ಗುಡ್ಡದ ಹೊಟ್ಟೆಯೊಳಗೆ ಬಂಗಾರದ ಗೆರೆ ಹರಿದಿರುವುದು ಕಂಡಿತಂತೆ. ಕನಸಿನಲ್ಲಿ. ಎದ್ದವರೇ ಪಾಲುದಾರರನ್ನು ಕೂಡಿಸಿದರು, ತಾವೇ ಕಾರಭಾರಿಯಾದರು, ಗುಡ್ಡ ತೋಡಿಸಿದರು, ಹಸನಸಾಬನ ಮನೆಯವರನ್ನೂ ಕಂಪನಿಯ ಕೂಲಿಗೆ ಹಚ್ಚಿಕೊಂಡರು. ನಮ್ಮನ್ನಾಳುವ ಸರಕಾರವೂ ಕಂಪನಿ, ಇದೂ ಕಂಪನಿ. ಜನರಿಗೆ ಎರಡರ ಮೇಲೂ ಒಂದೇ ಬಗೆಯ ಭಯಭಕ್ತಿ. ಪಾಲುದಾರರಲ್ಲಿ ಹಿರಿಯರು ಗಜೇಂದ್ರಗಡದ ವ್ಯಾಪಾರಿ ಶಿವಲಿಂಗಪ್ಪ ಶೆಟ್ಟರು. ಪ್ರತಿ ಅಮಾವಾಸ್ಯೆಗೆ ಅವರೆಲ್ಲ ಸೇರಿದಾಗ ಪಂತರು ಬಗಲಿನಿಂದ ಒಂದು ಸಣ್ಣ ಗಾಜಿನ ಸೀಸೆ ತೆಗೆದು ಕಿಟಕಿಯ ಬಿಸಿಲಿಗೆ ಹಿಡಿಯುವರು. ತಳದಲ್ಲಿ ಒಂದು ಬೆರಳಿನಷ್ಟು ಪುಡಿ. ಸೀಸೆಯನ್ನು ಮೆಲ್ಲಗೆ ಓರೆ ಮಾಡಿದರೆ ಪುಡಿ ಹೊರಳುವುದು, ಹಳದಿಯ ಬೆಳಕು ಕೂತವರ ಮುಖದ ಮೇಲೆ ಒಬ್ಬೊಬ್ಬರಿಗೂ ಒಮ್ಮೊಮ್ಮೆ ಬಂದು ಹೋಗುವುದು. ಲೆಕ್ಕ ಕೇಳಬೇಕೆಂದು ಮನೆಯಿಂದ ಹೊರಟವರು ಬೆಲ್ಲ ನೀರು ಕುಡಿದು ತಿರುಗಿ ಹೋಗುತ್ತಿದ್ದರು.

ಹೀಗೇ ಎರಡು ವರ್ಷ. ಮೂರನೆಯ ವರ್ಷ ಶೆಟ್ಟರು ಹೇಳಿದರಂತೆ: "ಪಂತರ, ಇದನ್ನ ಹ್ವಾದ ಅಮಾಸಿಗೂ ನೋಡಿದಂಗ ಆತಲ್ರಿ."

"ಬಂಗಾರ ಎಲ್ಲಾ ಒಂದ ನಮೂನಿ ಇರ್ತದ್ರಿ, ಶೆಟ್ಟರ."

"ಬಂಗಾರ ಇರ್ಲಿ ಬಿಡ್ರಿ. ಒಳಗ ಒಂದು ಇರಿವಿ ಸತ್ತು ಬಿದ್ದೈತಿ. ಅದೂ ಹ್ವಾದ ಅಮಾಸೀದ."

ಆ ಒಂದು ಇರುವೆಯಿಂದ ರೋಣದ ಚಾವಡಿಯಲ್ಲಿ ವಿಚಾರಣೆ ಕೂತಿತು.

ವಿಚಾರಣೆಗೆ ಬಂದವರು ಧಾರವಾಡದ ಕಲೆಕ್ಟರರ ಅಸಿಸ್ಟಂಟ, ಒಬ್ಬ ಇಂಗ್ಲಿಷ್ ಸಾಹೇಬರು. ನನ್ನದೇ ವಯಸ್ಸು. ಮುನಶಿಯಿಂದ ಕಲಿತ ಕನ್ನಡ. ಒಂದೊಂದು ಶಬ್ದವನ್ನೂ ತೊಳೆದು, ಒರೆಸಿ ಹೊರಗಿಡುವರು. ಎರಡನೆಯ ದಿನಕ್ಕೇ ಅವರ ದನಿ ನನಗೆ ಬಂದಿತ್ತು. ಆದರೆ ಮೂರನೆಯ ದಿನ ನನ್ನ ದನಿಯೇ ನಿಂತಿತು. ಕಾರಭಾರಿಯ ದಫ್ತರದ ಗಂಟು ಬಿಚ್ಚಿ, ಕೂಲಿಯವರ ಹಾಜರಿ ಪಟ್ಟಿ ಹೊರತೆಗೆದು ಭೀಮರಾಯರು ನನ್ನ ಮುಂದಿಟ್ಟರು. ನಲವತ್ತು ಹೆಸರು. ಹೆಸರಿನ ಮುಂದೆ ನಲವತ್ತು ನೇಗಿಲು. ಅಷ್ಟನ್ನೂ ಬರೆದವನು ನಾನು.

ಅದು ಹಿಂದಿನ ವರ್ಷದ ಶ್ರಾವಣದ ಮಾತು. ಕಚೇರಿಗೆ ಸೂಟಿ ಇತ್ತು. ಗಜೇಂದ್ರಗಡಕ್ಕೆ ಹೋಗಿದ್ದವನನ್ನು ಪಂತರು ತಮ್ಮ ಪಡಸಾಲೆಗೆ ಕರೆದು, "ಮೂಲ ಪಟ್ಟಿ ಮಳಿಯೊಳಗ ನೆಂದು ಹಾಳಾಗ್ಯದ, ನಲವತ್ತು ಹೆಸರು ಅವ, ನಾ ಹೇಳ್ತೀನಿ, ನೀ ಚಂದಾಗಿ ಬರಕೊಡು" ಎಂದರು. ಹೊರಗೆ ಜಿಟಿಜಿಟಿ ಮಳೆ, ಒಳಗೆ ಹೋಳಿಗೆಯ ಊಟ ಆಗಷ್ಟೇ ಮುಗಿದಿತ್ತು. ಪಂತರು ಲೋಡಿಗೆ ಒರಗಿ, ಕಣ್ಣು ಮುಚ್ಚಿ, ಒಂದೊಂದು ಹೆಸರನ್ನು ಹಳ್ಳದ ತಳದಿಂದ ಹೆಕ್ಕಿದವರ ಹಾಗೆ ಹೇಳುತ್ತಿದ್ದರು. ಹಸನಸಾಬನ ಮನೆಯ ಏಳು ಹೆಸರಿನ ನಂತರ ಹೆಸರುಗಳ ನಡುವೆ ಗೊರಕೆ ಸೇರತೊಡಗಿತು. "ಗುರುತು ಏನ ಹಾಕಲ್ರಿ?" ಎಂದು ಕೇಳಿದೆ. "ಯಾವುದರ ಒಂದು ಹಾಕು" ಎಂದರು. ನೇಗಿಲು ಬರೆಯುವುದು ಸುಲಭ. ನಲವತ್ತಕ್ಕೆ ಇನ್ನೂ ಮೂರು ಕಡಿಮೆ ಇದ್ದಾಗ ಪಂತರು ಪೂರಾ ನಿದ್ದೆ ಹೋದರು. ಎಬ್ಬಿಸುವುದು ಯಾಕೆಂದು ನಾನೇ ತುಂಬಿದೆ: ನಾನು ಹುಟ್ಟುವ ಮೊದಲೇ ಸತ್ತ ನಮ್ಮ ಅಜ್ಜ ತಿಮ್ಮಣ್ಣನ ಹೆಸರು, ನನಗೆ ಅಕ್ಷರ ಕಲಿಸಿ ಬೆನ್ನು ಕೆಂಪಗೆ ಮಾಡಿದ ಪಂತೋಜಿಯ ಹೆಸರು, ನಮ್ಮ ಚಿಕ್ಕಪ್ಪನ ಮುದಿ ಎತ್ತು ಮಾಣಿಕ್ಯಾನ ಹೆಸರು. ಮೂವರದೂ ಊರು ಸವಡಿ. ನೇಗಿಲುಗಳನ್ನು ಒಂದರ ಹಾಗೆ ಒಂದು ಬರೆಯದೆ, ಒಂದು ಕುಂಟುವ ಹಾಗೆ, ಒಂದು ಬಾಗಿ ನಮಸ್ಕಾರ ಮಾಡುವ ಹಾಗೆ ಬರೆದೆ. ಕೊನೆಯದರ ಹಿಡಿಕೆಯನ್ನು ಭೀಮರಾಯರ ಮೂಗಿನ ಹಾಗೆ ಎಳೆದೆ. ಮರಳು ಚಿಮುಕಿಸಿ ಬೆಳಕಿಗೆ ಹಿಡಿದಾಗ ನಲವತ್ತೂ ಹೊಳೆದವು. ಅಷ್ಟು ಸುಖದ ಮಧ್ಯಾಹ್ನ ನನ್ನ ನೌಕರಿಯಲ್ಲಿ ಇನ್ನೊಂದಿರಲಿಲ್ಲ.

ಈಗ ಚಾವಡಿಯಲ್ಲಿ ಪಂತರು ಸಾಹೇಬರಿಗೆ ಹೇಳಿದರು: ಹಳ್ಳದಲ್ಲಿ ನಲವತ್ತು ಮಂದಿ ದುಡಿದರು; ಬಂಗಾರ ಬೊಗಸೆಗಟ್ಟಲೆ ಬಂತು; ಮೂವತ್ತಮೂರು ಮಂದಿ ಅದನ್ನು ಕದ್ದು ಓಡಿಹೋದರು; ಅವರಿಗೆಲ್ಲ ಮುಖ್ಯಸ್ಥ ಈ ಹಸನಸಾಬ; ಕೇಳುವುದಿದ್ದರೆ ಇವನನ್ನು ಕೇಳಬೇಕು. ಹಸನಸಾಬನನ್ನು ಚಾವಡಿಯ ಪಕ್ಕದ ಕೋಣೆಯಲ್ಲಿ ಕೂಡಿಹಾಕಿದರು. ತಪ್ಪು ಸಾಬೀತಾದರೆ ಅವನು ಕಾಲಿಗೆ ಬೇಡಿ ಹಾಕಿಕೊಂಡು ಧಾರವಾಡದ ಜೈಲಿಗೆ; ಅವನ ಮನೆಯವರಿಗೆ ಹಳ್ಳ ಬಂದ್. ಹಳ್ಳ ಬಂದ್ ಆದರೆ ಆ ಏಳು ಜನಕ್ಕೆ ಬೇರೆ ಕಸುಬು ಗೊತ್ತಿಲ್ಲ.

ಅವನ ಹೇಳಿಕೆ ಬರೆದುಕೊಂಡವನೂ ನಾನೇ. ಅವನು ಹೇಳಿದ್ದು: "ನಲವತ್ತು ಮಂದಿ ಅಂತ ಕಾರಭಾರ್ಯಾರು ಹೇಳತಾರ್ರಿ. ನಾ ಕಂಡಿದ್ದು ಏಳ ಮಂದಿ. ನಾವ ಏಳ ಮಂದಿ." ನಾನು ಬರೆದದ್ದು: "ನನ್ನ ಕೈಕೆಳಗೆ ನಲವತ್ತು ಜನ ಇದ್ದ ಬಗ್ಗೆ ಪಟ್ಟಿಯಿಂದ ತಿಳಿಯುತ್ತದೆ. ಆ ಪೈಕಿ ಏಳು ಜನರನ್ನು ಮಾತ್ರ ಬಲ್ಲೆ." ಕಚೇರಿಯ ಬರವಣಿಗೆ ಹಾಗೇ ಇರುತ್ತದೆಂದು ನನಗೆ ನಾನೇ ಹೇಳಿಕೊಂಡೆ. ಕೈ ಮಾತ್ರ ಬೆವರುತ್ತಿತ್ತು. ಬೆವರಿದ್ದು ಯಾರಿಗೂ ಕಾಣದಿರಲೆಂದು ಅಂದು ಎಂದಿಗಿಂತ ಹೆಚ್ಚು ಬಣ್ಣ ಹಚ್ಚಿ ಓದಿದೆ. ಅವನ ಒಡಕು ದನಿ, ಪ್ರತಿ ಮಾತಿಗೂ ಎದೆಯೊಳಗಿಂದ ಬರುವ ಕೆಮ್ಮು, ನೀರಿನಲ್ಲಿ ಕೂತು ಕೂತು ಬಾಗಿದ ಭುಜ. ಚಾವಡಿ ತುಂಬ ನಗು. ಸಾಹೇಬರೂ ತುಟಿ ಕಚ್ಚಿಕೊಂಡರು.

ಹಸನಸಾಬ ನಗಲಿಲ್ಲ, ಸಿಟ್ಟಾಗಲೂ ಇಲ್ಲ. "ದನಿ ನಂದ ಐತ್ರಿ" ಎಂದ. "ಮಾತ ನಂದಲ್ಲ."

ನಗು ನಿಂತಿತು. ಸಾಹೇಬರು ಕೇಳಿದರು: "ಹಾಗಾದರೆ ನಿನ್ನ ಮಾತು ಯಾವುದು?" ಅವನು ಮೊದಲಿನಿಂದ ಹೇಳಿದ. ಸಾಹೇಬರು ಒಂದೊಂದು ಮಾತಿಗೂ ನನ್ನ ಲೆಕ್ಕಣಿಕೆಯನ್ನೇ ನೋಡುತ್ತಿದ್ದರು. ಹೇಳಿದ ಹಾಗೇ ಬರೆದೆ. ಬರೆದ ಮೇಲೆ ಅವನು ಶಾಯಿಯಲ್ಲಿ ಅದ್ದಿದ ಕಡ್ಡಿ ತೆಗೆದುಕೊಂಡು ಒಂದು ದುಂಡನೆಯ ಗೆರೆ ಎಳೆದ. ನಡುವೆ ಒಂದು ಚುಕ್ಕಿ ಇಟ್ಟ.

"ಇದು ಏನು?"

"ತಟ್ಟಿರಿ. ಮರಳ ತೊಳಿಯೋ ತಟ್ಟಿ."

"ಈ ಚುಕ್ಕಿಯು?"

"ಬಂಗಾರ್ರಿ. ಅಷ್ಟ ಸಿಗೋದು."

ಸಾಹೇಬರು ಪಟ್ಟಿ ತರಿಸಿ ಹಸನಸಾಬನ ಹೆಸರಿನ ಮೇಲೆ ಬೆರಳಿಟ್ಟರು. ಅಲ್ಲಿ ನೇಗಿಲು. ಸೊಸೆ ಫಾತಿಮಾಳ ಹೆಸರಿನ ಮುಂದೆಯೂ ಬಳೆಯಲ್ಲ, ನೇಗಿಲು. "ಈ ನೇಗಿಲುಗಳನ್ನು ಬರೆದವರು ಯಾರು?"

ಪಂತರು ತಡೆಯಲಿಲ್ಲ. "ಮೂಲ ಪಟ್ಟಿ ನೆಂದಿತ್ತು, ಸಾಹೇಬರ. ನಕಲು ಮಾಡಿದಾಂವ ಪುಣೇ ಕಡಿಯಿಂದ ಬಂದ ಒಬ್ಬ ಹುಡುಗ. ಹೊಳ್ಳಿ ಹೋದಾ." ಹಾಗೆನ್ನುತ್ತ ನನ್ನ ಕಡೆ ಒಮ್ಮೆ ನೋಡಿದರು, ಇನ್ನೊಂದು ಹೋಳಿಗೆ ಹಾಕಲೇ ಎಂದು ಕೇಳುವವರ ಹಾಗೆ. ನಾನು ಎಲೆಯ ಮೇಲೆ ಕೈ ಅಡ್ಡ ಹಿಡಿಯಲಿಲ್ಲ.

ಅಂದಿನಿಂದ ಪಟ್ಟಿಯ ಆ ಜನ ಬರತೊಡಗಿದರು. ಕಚೇರಿಯ ಹಿಂದಿನ ಬೇವಿನ ಕೆಳಗೆ ಊಟದ ಮೇಲೆ ಕಣ್ಣು ಮುಚ್ಚಿದರೆ ಸಾಕು, ಎರೆಹೊಲದ ಆಚೆ, ನರಗುಂದದ ಗುಡ್ಡ ನೀಲಿಯಾಗಿ ಕಾಣುವ ಕಡೆಯಿಂದ, ಬಿಸಿಲುಗುದುರೆಯಲ್ಲಿ ಮೊಣಕಾಲವರೆಗೆ ಮುಳುಗಿಕೊಂಡು ಮೂವತ್ತಮೂರು ಜನ. ಹೆಗಲ ಮೇಲೆ ನಾನು ಬರೆದ ನೇಗಿಲು: ಕುಂಟುವುದು, ನಮಸ್ಕಾರ ಮಾಡುವುದು. ಮುಖಗಳು ಒದ್ದೆ ಕಾಗದದ ಹಾಗೆ, ಬರೆಯಲು ಮರೆತ ಹಾಗೆ. ಮುಂದೆ ನಾನೆಂದೂ ನೋಡದ ಅಜ್ಜ, ಮಡಿ ಉಟ್ಟು, ಮರಳು ತೊಳೆಯುವ ತಟ್ಟೆಯನ್ನು ಹೇಗೆ ಹಿಡಿಯಬೇಕೆಂದು ತಿಳಿಯದೆ ಬೋರಲು ಹಿಡಿದಿದ್ದ. ಪಂತೋಜಿ ತಲೆ ಎಣಿಸುತ್ತಿದ್ದ. ಹಿಂದೆ ಮಾಣಿಕ್ಯಾ ಮೆಲುಕು ಹಾಕುತ್ತ. ಅವರಿಗೆ ಸಿಟ್ಟಿರಲಿಲ್ಲ. ಅಜ್ಜ ಕೇಳಿದ: "ರಾಘ್ಯಾ, ನಾ ಎಷ್ಟು ಕದ್ದೀನಿ ಅಂತ ಬರದೀಯಪಾ?" ಎಚ್ಚರವಾದಾಗ ಬೇವಿನ ನೆರಳು ಸರಿದು ಮುಖದ ಮೇಲೆ ಬಿಸಿಲಿರುತ್ತಿತ್ತು.

ಓಡಿಹೋದವರಿಗೆಲ್ಲ ಸಮನ್ಸು ಹೊರಟಿತು. ಸವಡಿಗೆ ಹೋದ ಜವಾನ ನಾಲ್ಕನೆಯ ದಿನ ತಿರುಗಿ ಬಂದು ಸಾಹೇಬರ ಮುಂದೆ ನಿಂತ. "ತಿಮ್ಮಣ್ಣಾ ಅನ್ನಾಂವ ಸತ್ತು ಭಾಳ ವರ್ಸ ಆತಂತ್ರಿ. ಪಂತೋಜಿ ಕಾಶಿಗೆ ಹೋಗ್ಯಾನಂತ್ರಿ. ಮಾಣಿಕ್ಯಾ ಅದಾನ್ರಿ."

"ಎಲ್ಲಿ? ಅವನನ್ನು ಯಾಕೆ ತರಲಿಲ್ಲ?"

"ಏಳಾಕ ಆಗವಲ್ದಂತ್ರಿ. ಎತ್ತೈತ್ರಿ ಅದು."

ಜನ ಬಿದ್ದು ಬಿದ್ದು ನಕ್ಕರು. ಬೇರೆಯವರ ಹೆಸರಿಗೆ ಹೆಸರು ಹೊಂದಿಕೊಂಡಿರಬಹುದೆಂದು ಸಾಹೇಬರು ಆ ಮಾತನ್ನು ಪಕ್ಕಕ್ಕಿಟ್ಟರು. ಭೀಮರಾಯರು ನಗಲಿಲ್ಲ. ಸವಡಿ ಯಾರ ಊರೆಂದು ಅವರಿಗೆ ಗೊತ್ತು. ನಶ್ಯದ ಡಬ್ಬಿ ತೆರೆದು, ಮುಚ್ಚಿ, ನನ್ನನ್ನು ನೋಡಿದರು.

ಆಮೇಲೆ ಸಾಹೇಬರು ಹಳ್ಳವನ್ನೇ ಕೇಳಿನೋಡೋಣವೆಂದರು. ಹಸನಸಾಬ ಅವರ ಕಣ್ಣೆದುರಿಗೆ ಒಂದು ದಿನ ಮರಳು ತೊಳೆಯಬೇಕು. ಎಷ್ಟು ಸಿಗುತ್ತದೆ, ನೋಡಬೇಕು. ಮುಶಿಗೇರಿ ದಾಟಿ, ಕುಸುಬಿಯ ಹೊಲಗಳ ನಡುವೆ ಎಲ್ಲರೂ ಹೋದೆವು: ಸಾಹೇಬರು ಕುದುರೆಯ ಮೇಲೆ, ಶೆಟ್ಟರು ಪಂತರು ಬೇರೆ ಬೇರೆ ಬಂಡಿಯಲ್ಲಿ, ಮುದುಕ ಜವಾನನ ಜೊತೆ ನಡೆದುಕೊಂಡು. ಮಳೆ ಮುಗಿದು ಹಳ್ಳದಲ್ಲಿ ಮೊಣಕಾಲಷ್ಟು ತಿಳಿನೀರು. ಹಸನಸಾಬ ತಟ್ಟೆ ಹಿಡಿದು ಕೂತ. ಅಷ್ಟು ದಿನ ಕೆಮ್ಮುತ್ತಿದ್ದವನು ನೀರಿಗಿಳಿದ ಮೇಲೆ ಕೆಮ್ಮಲಿಲ್ಲ. ತಟ್ಟೆ ತೂಗಿತು, ಕೆಂಪು ಮಣ್ಣು ಹೋಯಿತು, ಬಿಳಿ ಮರಳು ಹೋಯಿತು, ಕಪ್ಪು ಮರಳು ಉಳಿಯಿತು. ನೀರಿನ ಬೆಳಕು ಅವನ ಗಡ್ಡದಲ್ಲಿ ಆಡುತ್ತಿತ್ತು. ದಂಡೆಯಲ್ಲಿ ಕೂತ ನಾವು ಯಾವ ಕಡೆಯವರೆಂಬುದನ್ನು ಮರೆತೆವು. ಶೆಟ್ಟರೂ ಪಂತರೂ ಒಂದೇ ಕಲ್ಲಿನ ಮೇಲೆ ಭುಜಕ್ಕೆ ಭುಜ ತಾಗಿಸಿ, ಬಾಯಿ ತೆರೆದು ನೋಡುತ್ತಿದ್ದರು. ಹೊತ್ತು ಇಳಿಯುವಾಗ ಅವನು ತಟ್ಟೆಯನ್ನು ದಂಡೆಗೆ ತಂದ. ಕಪ್ಪು ಮರಳಿನ ತುದಿಯಲ್ಲಿ ಸಾಸಿವೆಯ ಅರ್ಧದಷ್ಟು ಒಂದು ಹಳದಿ ಚುಕ್ಕಿ.

ಎಲ್ಲರೂ ತಲೆ ಕೂಡಿಸಿ ಬಾಗಿದರು. ಭೀಮರಾಯರು ಎಲ್ಲರಿಗಿಂತ ಹತ್ತಿರ. ಆ ಗಳಿಗೆಗೆ, ವರ್ಷಗಟ್ಟಲೆ ಕಾದ ಸೀನು ಬಂತು.

ಕಣ್ಣು ತೆರೆದು ನೋಡಿದರೆ ಚುಕ್ಕಿ ಇಲ್ಲ. ಸಾಹೇಬರ ಮೀಸೆಯಲ್ಲಿ ಕಪ್ಪು ಮರಳು. ಎಲ್ಲರೂ ದಂಡೆಯ ಮಣ್ಣಿನಲ್ಲಿ ಹುಡುಕತೊಡಗಿದರು. ಹಸನಸಾಬ ಒಬ್ಬನೇ, "ಇರ್ಲಿ ಬಿಡ್ರಿ ರಾಯರ, ಹಳ್ಳದ್ದು ಹಳ್ಳಕ್ಕ ಹೋತು" ಎಂದು ಖಾಲಿ ತಟ್ಟೆ ತೊಳೆದ. ಆದರೆ ಒಂದು ದಿನದ ದುಡಿಮೆ ಎಷ್ಟೆಂದು ಸಾಹೇಬರು ನೋಡಿಯಾಗಿತ್ತು. ಬೊಗಸೆಗಟ್ಟಲೆ ಎಲ್ಲಿಂದ ಬಂತೆಂದು ಅವರು ಪಂತರನ್ನು ಕೇಳಿದರು. "ನಲವತ್ತು ಮಂದಿ, ಸಾಹೇಬರ. ನಲವತ್ತು ಮಂದಿ ತೊಳದ್ರ ಕೂಡ್ತದ" ಎಂದರು ಪಂತರು. ಎಲ್ಲ ತಿರುಗಿ ಆ ಪಟ್ಟಿಯ ಮೇಲೇ ಬಂದು ನಿಂತಿತು.

ಬಂಡಿ ಹೂಡುವವರೆಗೆ ನಾನು ಹಸನಸಾಬನ ಹತ್ತಿರ ನೀರಿನಲ್ಲಿ ಕಾಲಿಟ್ಟು ಕೂತೆ. ಅವನು ತಟ್ಟೆ ಒರೆಸುತ್ತ, ನನ್ನ ಕಡೆ ನೋಡದೆ ಹೇಳಿದ: "ನೇಗಿಲ ಚಂದ ತಗದೀರ್ರಿ, ರಾಯರ."

ನಾನು ಕಾಲುಗಳನ್ನು ನೀರಿನಿಂದ ಮೇಲೆತ್ತಿಕೊಂಡೆ.

"ಶ್ರಾವಣದಾಗ ಪಂತರ ಪಡಸಾಲ್ಯಾಗ ಕುಂತ ಬರೀತಿದ್ರಿ. ನಾ ಹೊರಗ ಮಳ್ಯಾಗ ನಿಂತಿದ್ದೆ. ನೀವು ಒಬ್ಬರ ನಗತಿದ್ರಿ."

"ಸಾಹೇಬರಿಗೆ ಯಾಕ ಹೇಳಲಿಲ್ಲಾ?"

"ನಾ ಹೇಳಿದ್ರ ನಂಬತಾರೇನ್ರಿ? ಬರದಾವ್ರು ಹೇಳಬೇಕು." ಒರೆಸಿದ ತಟ್ಟೆಯನ್ನು ಕಲ್ಲಿನ ಮೇಲೆ ಬೋರಲು ಹಾಕಿ ಅಂದ: "ನಂದ ಹೆಂಗರ ಆಗಲಿ. ನನ್ನ ಸೊಸಿ ಹೆಸರಿಗೂ ನೇಗಿಲ ಹಾಕೀರಿ. ಹೆಣಮಗಳು, ಬಳಿ ಹಾಕಾಕಿ. ಮಂದಿ ಮುಂದ ಓದಿದಾಗಿಂದ ನೊಂದಕೊಂಡಾಳ. ಅದೊಂದ ತಿದ್ದಿಕೊಡ್ರಿ."

ಜೈಲಿನ ಮಾತು ಅವನು ಆಡಲಿಲ್ಲ.

ಮರುದಿನ ಚಾವಡಿ ಕೂತಾಗ ನಾನು ಲೆಕ್ಕಣಿಕೆ ಕೆಳಗಿಟ್ಟು ಎದ್ದೆ. "ಸಾಹೇಬರ, ನಂದೂ ಒಂದು ಹೇಳಿಕೆ ಅದ. ಬರಕೋಬೇಕ್ರಿ." ಬರೆದುಕೊಳ್ಳಲು ಬೇರೆ ಕಾರಕೂನನಿರಲಿಲ್ಲ. ಭೀಮರಾಯರು ತಾವೇ ಕಾಗದ ಎಳೆದುಕೊಂಡರು.

ಹೋಳಿಗೆಯಿಂದ ಹಿಡಿದು ಎಲ್ಲ ಹೇಳಿದೆ. ಸಾಹೇಬರು ಕೇಳಿದರು: "ತಿಮ್ಮಣ್ಣ ಎಂಬವನು ಎಲ್ಲಿಗೆ ಓಡಿಹೋಗಿದ್ದಾನೆ?"

"ಸ್ವರ್ಗಕ್ಕ್ರಿ. ನಾ ಹುಟ್ಟೂ ಮೊದಲ. ನಮ್ಮಜ್ಜಾ ಅಂವಾ."

"ಉಳಿದವರು?"

"ಹಸನಸಾಬನ ಮನಿ ಏಳ ಮಂದೀನ್ನ ಬಿಟ್ಟರ, ಮೂವತ್ತು ಹೆಸರು ಪಂತರ ನಿದ್ದಿಯೊಳಗ ಹುಟ್ಟಿದ್ದು. ಮೂರು ನನ್ನ ಚೇಷ್ಟಾದಾಗ ಹುಟ್ಟಿದ್ದು. ಗುರುತು ನಲವತ್ತೂ ನನ್ನವ."

ಬರೆದದ್ದನ್ನು ಹೇಳಿದವನಿಗೆ ಓದಿ ಹೇಳಬೇಕು. ಭೀಮರಾಯರು ಎದ್ದು ನಿಂತು ಓದಿದರು. ನನ್ನ ದನಿಯಲ್ಲಿ. ಅದೇ ಗಡಿಬಿಡಿ, ಪ್ರತಿ ವಾಕ್ಯದ ಬಾಲವನ್ನು ನಗು ಬೇಡುವ ಹಾಗೆ ಮೇಲಕ್ಕೆ ಎತ್ತುವುದು, ಎತ್ತಿದ ಮೇಲೆ ಯಾರು ನಕ್ಕರೆಂದು ಎಡಕ್ಕೆ ಕಣ್ಣು ಹೊರಳಿಸುವುದು. ನಾನು ಎಡಕ್ಕೆ ನೋಡುತ್ತೇನೆಂದು ನನಗೇ ತಿಳಿದಿರಲಿಲ್ಲ. ಎಷ್ಟು ವರ್ಷದಿಂದ ಅವರು ಅದನ್ನು ಕೂಡಿಟ್ಟುಕೊಂಡಿದ್ದರೋ. ಚಾವಡಿಯಲ್ಲಿ ಒಬ್ಬರೂ ನಗಲಿಲ್ಲ. ಓದಿ ಮುಗಿಸಿ ತಮ್ಮ ದನಿಗೆ ಬಂದು ಕೇಳಿದರು: "ನಿನ್ನ ಮಾತ ಹೌದೇನು?"

"ಹೌದ್ರಿ. ದನಿನೂ ನಂದ."

ತಾಳೆ ನೋಡಲು ನನ್ನಿಂದ ಹೊಸ ಕಾಗದದ ಮೇಲೆ ನೇಗಿಲು ಬರೆಸಿದರು. ಕುಂಟುವುದು ಬರೆದೆ, ನಮಸ್ಕಾರ ಮಾಡುವುದು ಬರೆದೆ, ಕೊನೆಯದನ್ನೂ ಬರೆದೆ. ಭೀಮರಾಯರು ಅದನ್ನು ದೂರ ಹಿಡಿದರು, ಹತ್ತಿರ ಹಿಡಿದರು. ಕೈ ತಾನಾಗಿ ಮೂಗಿಗೆ ಹೋಯಿತು. "ತಾಳಿ ಆಗ್ತದ, ಸಾಹೇಬರ" ಎಂದಷ್ಟೇ ಹೇಳಿದರು.

ಹಸನಸಾಬನನ್ನು ಅಂದೇ ಬಿಟ್ಟರು. ಹಳ್ಳದಲ್ಲಿ ಅವನ ಮನೆಯವರು ಮೊದಲಿನ ಹಾಗೆ ಮರಳು ತೊಳೆಯಬಹುದೆಂದು ಹುಕುಂ ಆಯಿತು. ಕಂಪನಿ ಮುಚ್ಚಿತು. ಪಂತರ ಮನೆ ಮಾಳಿಗೆ ಪಾಲುದಾರರ ಪಾಲಾಯಿತು. ಚಾವಡಿ ಇಳಿಯುವಾಗ ಅವರು ನನ್ನ ಭುಜದ ಮೇಲೆ ಕೈಯಿಟ್ಟು, ಬೈಯುತ್ತಾರೆಂದು ನಾನು ಕಾದಿದ್ದರೆ, "ಇನ್ನ ಹತ್ತು ಮೊಳಾ ತೋಡಿದ್ರ ಸಿಗತಿತ್ತೋ ರಾಘಪ್ಪಾ" ಎಂದರು. ಅವರ ಕಣ್ಣಿನಲ್ಲಿ ಆ ಗೆರೆ ಇನ್ನೂ ಇತ್ತು. ಶೆಟ್ಟರಿಗೆ ಹಂಚಿಕೆಯಲ್ಲಿ ಸೀಸೆ ಬಂತು. ಗಜೇಂದ್ರಗಡದ ಅವರ ಅಂಗಡಿಯಲ್ಲಿ ತಕ್ಕಡಿಯ ಪಕ್ಕಕ್ಕಿದೆ; ಇರುವೆ ಸಹಿತ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಬಿಸಿಲಿಗೆ ಹಿಡಿದು ನೋಡುತ್ತಾರೆಂದು ಕೇಳಿದ್ದೇನೆ.

ನನ್ನ ಬಗ್ಗೆ ಸಾಹೇಬರು ಹೇಳಿದರು: "ನಿಜವನ್ನು ಹೇಳಿದ್ದಕ್ಕಾಗಿ ಶಿಕ್ಷೆಯಿಲ್ಲ. ಸುಳ್ಳನ್ನು ಬರೆದ ಕೈಗೆ ಸರಕಾರದ ಕಾಗದವನ್ನು ಕೊಡಲಾಗದು." ಹುಕುಂ ಬರೆಯುವ ಕೆಲಸ ಭೀಮರಾಯರದು. ತೆಗೆದುಹಾಕಿದೆ ಎಂದು ಬರೆಯುವಲ್ಲಿ ಅವರು, ಪ್ರಕೃತಿ ಸ್ವಸ್ಥವಿಲ್ಲದ್ದರಿಂದ ನಿವೃತ್ತನಾಗಿದ್ದಾನೆ ಎಂದು ಬರೆದರು. ಸಾಹೇಬರು ಓದಿ ತಲೆ ಎತ್ತಿದರು. "ಇವನಿಗೆ ಏನು ರೋಗ?"

"ನಾಲಿಗಿದು, ಸಾಹೇಬರ. ಭಾಳ ಹಳೇದು."

ಸಾಹೇಬರು ಸಹಿ ಮಾಡಿದರು.

ಈಗ ಸವಡಿಯಲ್ಲಿ ನಮ್ಮ ಕಟ್ಟೆಯ ಮೇಲೆ ಕೂತು ಊರವರಿಗೆ ಅರ್ಜಿ ಕಾಗದ ಬರೆದುಕೊಡುತ್ತೇನೆ. ಮಧ್ಯಾಹ್ನ ಮಲಗಿದರೆ ಮೂವತ್ತಮೂರು ಜನ ಬರುವುದಿಲ್ಲ. ಒಮ್ಮೊಮ್ಮೆ ಎರೆಹೊಲದ ಮೇಲೆ ಬಿಸಿಲುಗುದುರೆ ಎದ್ದಾಗ ಆ ಕಡೆ ನೋಡುತ್ತೇನೆ. ಮಾಣಿಕ್ಯಾ ಮಾತ್ರ ಗೋದಲಿಯಲ್ಲಿ ನಿಜವಾಗಿಯೂ ಇದ್ದಾನೆ. ಸರಕಾರದ ಸಮನ್ಸು ಬಂದ ಎತ್ತೆಂದು ನಮ್ಮ ಚಿಕ್ಕಪ್ಪ ಅವನಿಗೆ ಒಂದು ಹಿಡಿ ಹೆಚ್ಚು ಹಿಂಡಿ ಇಡುತ್ತಾನೆ.

ಈ ಸಲ ಮೊದಲ ಮಳೆ ಬಿದ್ದ ನಾಲ್ಕನೆಯ ದಿನಕ್ಕೆ ಹಸನಸಾಬ ಬಂದ. ಹಿಂದೆ ಸೊಸೆ ಫಾತಿಮಾ. ಸಾಹೇಬರು ಬದಲಾಗಿದ್ದಾರೆ, ಹೊಸಬರಿಗೆ ಹಳ್ಳದ ಹುಕುಮಿನ ಅರ್ಜಿ ಹೊಸದಾಗಿ ಕೊಡಬೇಕು. ಅವನು ಹೇಳಿದ, ನಾನು ಬರೆದೆ. ಓದಿ ಹೇಳುವಾಗ ಅಭ್ಯಾಸಕ್ಕೆ ಗಂಟಲು ಅವನ ಕೆಮ್ಮಿನ ಕಡೆ ಹೊರಳಿತು, ಹಿಡಿದುಕೊಂಡೆ. ಬರೀ ನನ್ನ ದನಿಯಲ್ಲಿ ಓದಿದೆ. ಎಷ್ಟು ಸಪ್ಪೆ ದನಿಯೆಂದು ಅಂದೇ ಗೊತ್ತಾದದ್ದು. ಮುದುಕ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದ.

"ಹೌದ್ರಿ. ನನ್ನ ಮಾತ."

ತಟ್ಟೆಯ ಗುರುತು ಬರೆದು ನಡುವೆ ಚುಕ್ಕಿ ಇಟ್ಟ. ಫಾತಿಮಾ ಕಡ್ಡಿಯನ್ನು ಅವನ ಕೈಯಿಂದ ತೆಗೆದುಕೊಂಡು, ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ನಿಧಾನವಾಗಿ, ದುಂಡಗೆ ಒಂದು ಬಳೆ ಬರೆದಳು. ಬರೆದು ನನ್ನ ಮುಖ ನೋಡಿದಳು.

ಮನೆಯೊಳಗೆ ಹಳೆಯ ಡಬ್ಬಿಯಲ್ಲಿ ಸ್ವಲ್ಪ ಮರಳು ಉಳಿದಿತ್ತು. ತಂದು ಬಳೆಯ ಮೇಲೆ ಚಿಮುಕಿಸಿದೆ.